ದ್ವೀಪದ ಲೆಕ್ಕ ಬರೆಯುವವರು ಯಾರು?

(ಪಕ್ಷದ ಅಭ್ಯಾಸ ಶಿಬಿರದ ಕೊನೆಯ ದಿನ ಮಾಡಿದ ಭಾಷಣದ ಪಾಠ)

ಎರಡು ದಿನಗಳಿಂದ ಈ ಶಿಬಿರದಲ್ಲಿ ಕೂಲಿಯ ದರ, ಬೆಳೆಗೆ ಸಿಗುವ ಬೆಲೆ, ಪಂಚಾಯತಿಯ ಅಧಿಕಾರ ಮುಂತಾದ ವಿಷಯಗಳನ್ನು ಚರ್ಚಿಸಿದ್ದಾಯಿತು. ಇಂದು ಕವಿತೆ, ಚಾಪೆ, ಬಾವುಟ, ದೋಣಿ ಇವುಗಳ ವಿಷಯ ಮಾತನಾಡಲು ನಿಂತಿದ್ದೇವೆ. ಅದೂ ನಮ್ಮಲ್ಲಿ ಯಾರೂ ಕಣ್ಣಾರೆ ನೋಡದ, ಭೂಪಟದಲ್ಲಿ ಸಾಸಿವೆ ಕಾಳಿನಷ್ಟೂ ಕಾಣದ ದ್ವೀಪಗಳ ಜನರ ಕವಿತೆ, ಚಾಪೆ, ಬಾವುಟ, ದೋಣಿ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆಯೆ ಎಂದು ಯಾರಾದರೂ ನಕ್ಕರೆ ಆಶ್ಚರ್ಯವಿಲ್ಲ. ಆದರೆ ಈ ಮಾತು ಅಲಂಕಾರದ್ದಲ್ಲ, ಲೆಕ್ಕದ್ದು. ಲೆಕ್ಕದ ಪುಸ್ತಕ ಸಾಹುಕಾರನ ಕೈಯಲ್ಲೇ ಇರುವಷ್ಟು ದಿನ ರೈತನ ಸಾಲ ತೀರುವುದಿಲ್ಲವೆಂಬುದನ್ನು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಮುದ್ರ ಏರುತ್ತಿರುವ ಈ ಕಾಲದಲ್ಲಿ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು ಎಂಬುದೇ ಇಂದಿನ ಪ್ರಶ್ನೆ.

ನಾವು ಹೇಳಹೊರಟಿರುವುದು ಮಾರ್ಷಲ್ ದ್ವೀಪಗಳ ವಿಚಾರ. ಹವಾಯಿಗೂ ಆಸ್ಟ್ರೇಲಿಯಕ್ಕೂ ನಡುವೆ, ಶಾಂತಸಾಗರದ ಮಧ್ಯದಲ್ಲಿ, 29 ಹವಳದ ಉಂಗುರಗಳೂ 5 ಬಿಡಿ ದ್ವೀಪಗಳೂ ಸೇರಿ ಆದ ದೇಶ ಅದು. ಹವಳದ ಉಂಗುರವೆಂದರೆ ನಡುವೆ ಕೆರೆಯಂತೆ ಶಾಂತವಾದ ನೀರು, ಸುತ್ತಲೂ ತೆಳ್ಳನೆಯ ನೆಲದ ಪಟ್ಟಿ, ಅದರಾಚೆಗೆ ಮಹಾಸಾಗರ. ಎಷ್ಟೋ ಕಡೆ ಈ ದಡದಲ್ಲಿ ನಿಂತು ಕಲ್ಲೆಸೆದರೆ ಆ ದಡದ ನೀರಿಗೆ ಬಿದ್ದೀತು. ನೆಲದ ಎತ್ತರ ಸಮುದ್ರ ಮಟ್ಟದಿಂದ ಸರಾಸರಿ 2 ಮೀಟರು. ಬೆಟ್ಟವಿಲ್ಲ, ಗುಡ್ಡವಿಲ್ಲ, ನೀರು ಏರಿದರೆ ಹತ್ತಿ ನಿಲ್ಲಲು ತೆಂಗಿನ ಮರ ಬಿಟ್ಟರೆ ಬೇರೆ ಎತ್ತರವಿಲ್ಲ. 2011ರ ಜನಗಣತಿಯಲ್ಲಿ 53 ಸಾವಿರ ಚಿಲ್ಲರೆಯಿದ್ದ ಜನ 2021ರ ಗಣತಿಯ ವೇಳೆಗೆ 42 ಸಾವಿರ ಚಿಲ್ಲರೆಗೆ ಇಳಿದರು. ಹತ್ತು ವರ್ಷಗಳಲ್ಲಿ ಐದರಲ್ಲಿ ಒಂದು ಪಾಲು ಕರಗಿತು. ಒಂದು ತಾಲ್ಲೂಕಿನಷ್ಟೂ ಇಲ್ಲದ ಈ ಜನರ ಮೇಲೆ ಎಂಬತ್ತು ವರ್ಷಗಳಲ್ಲಿ ಎರಡು ಅನ್ಯಾಯಗಳು ಬಂದೆರಗಿದವು. ಮೊದಲನೆಯದು ಬಾಂಬು, ಎರಡನೆಯದು ಸಮುದ್ರ. ಎರಡನ್ನೂ ಅವರು ಬರೆದಿಟ್ಟಿದ್ದಾರೆ.

ಸಮುದ್ರವನ್ನು ಬರೆದಿಡುವುದು ಆ ಜನಕ್ಕೆ ಹೊಸ ವಿದ್ಯೆಯಲ್ಲ. ಕಾಗದವೂ ದಿಕ್ಸೂಚಿಯೂ ಇಲ್ಲದ ಕಾಲದಲ್ಲಿ ಅವರ ನಾವಿಕರು ತೆಂಗಿನ ಗರಿಯ ಕಡ್ಡಿಗಳನ್ನು ಒಂದಕ್ಕೊಂದು ಕಟ್ಟಿ ಸಮುದ್ರದ ನಕ್ಷೆ ಮಾಡುತ್ತಿದ್ದರು. ಕಡ್ಡಿಗಳ ಗಂಟಿಗೆ ಅಲ್ಲಲ್ಲಿ ಕವಡೆ ಸಿಕ್ಕಿಸುವರು. ಕವಡೆ ಎಂದರೆ ದ್ವೀಪ. ಬಾಗಿದ ಕಡ್ಡಿ ಎಂದರೆ ದೂರದಿಂದ ಬರುವ ದೊಡ್ಡ ಅಲೆ ದ್ವೀಪಕ್ಕೆ ತಾಗಿ ಬಾಗುವ ರೀತಿ. ಈ ನಕ್ಷೆಯನ್ನು ದೋಣಿಯಲ್ಲಿ ಒಯ್ಯುತ್ತಿರಲಿಲ್ಲ. ದಡದಲ್ಲಿ ಕುಳಿತು ಅಭ್ಯಾಸ ಮಾಡಿ, ಮನಸ್ಸಿನಲ್ಲಿಟ್ಟುಕೊಂಡು, ದೋಣಿಯ ತಳಕ್ಕೆ ಬಡಿಯುವ ಅಲೆಯನ್ನು ಮೈಯಿಂದಲೇ ಓದುತ್ತ ಕಣ್ಣಿಗೆ ಕಾಣದ ನೆಲವನ್ನು ಹುಡುಕುತ್ತಿದ್ದರು. ಪ್ರಪಂಚದ ದೊಡ್ಡ ವಸ್ತುಸಂಗ್ರಹಾಲಯಗಳು ಆ ಕಡ್ಡಿಗಳನ್ನು ಇಂದು ಕಲಾಕೃತಿಗಳೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿವೆ. ಮಾಡಿದವರಿಗೆ ಅವು ಪ್ರಾಣ ಉಳಿಸುವ ದಾಖಲೆಗಳಾಗಿದ್ದವು. ಕಲೆ ಬೇರೆ, ದಾಖಲೆ ಬೇರೆ ಎಂಬ ಭೇದ ಅಲ್ಲಿರಲಿಲ್ಲ.

ಇನ್ನು ಬಲಿಷ್ಠರು ಮಾಡಿದ ದಾಖಲೆ ಎಂತಹುದೆಂದು ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ದ್ವೀಪಗಳು ಅಮೆರಿಕದ ಕೈಸೇರಿದವು. 1946ರ ಫೆಬ್ರವರಿಯ ಒಂದು ಭಾನುವಾರ, ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ, ಅಮೆರಿಕದ ನೌಕಾಪಡೆಯ ಅಧಿಕಾರಿ ಬಿಕಿನಿ ದ್ವೀಪದವರನ್ನು ಕೂರಿಸಿಕೊಂಡು, ಮನುಕುಲದ ಒಳಿತಿಗಾಗಿ ತಾತ್ಕಾಲಿಕವಾಗಿ ಊರು ಬಿಟ್ಟುಕೊಡುವಿರಾ ಎಂದು ಕೇಳಿದ. ಎಲ್ಲವೂ ದೇವರ ಕೈಯಲ್ಲಿದೆಯೆಂದು ಅವರ ನಾಯಕ ಜೂಡಾ ಉತ್ತರ ಕೊಟ್ಟರು. ಕೆಲವು ದಿನಗಳ ಮೇಲೆ ನೌಕಾಪಡೆಯವರು ಕ್ಯಾಮೆರಾಗಳನ್ನು ತಂದರು. ಆ ಪ್ರಶ್ನೋತ್ತರವನ್ನು ಮತ್ತೆ ಮತ್ತೆ ಆಡಿಸಿ, ಚಿತ್ರ ಸರಿಯಾಗಿ ಬರುವ ತನಕ ತೆಗೆದರು. ಮನೆ ಕಳೆದುಕೊಳ್ಳಲಿರುವ ಜನರು ತಮ್ಮ ಒಪ್ಪಿಗೆಯನ್ನು ನಾಟಕದಂತೆ ಪುನಃ ಪುನಃ ಒಪ್ಪಿಸಬೇಕಾಯಿತು. ಪ್ರಪಂಚ ಆ ಚಿತ್ರವನ್ನು ನೋಡಿತು. ಮಾರ್ಚಿಯಲ್ಲಿ 167 ಜನರನ್ನು ರೊಂಗೆರಿಕ್ ಎಂಬ ನಿರ್ಜನ ದ್ವೀಪದಲ್ಲಿ ಇಳಿಸಿದರು. ಅಲ್ಲಿ ಅನ್ನಕ್ಕೂ ನೀರಿಗೂ ತತ್ವಾರವಾಗಿ, ಎರಡು ವರ್ಷಗಳಲ್ಲಿ ಜನರು ಹಸಿವಿನಿಂದ ಕೃಶರಾದರು. ಆ ಹಸಿವಿನ ಮುಂದೆ ಯಾರೂ ಕ್ಯಾಮೆರಾ ಹಿಡಿದು ಎರಡನೆಯ ಸಲ, ಮೂರನೆಯ ಸಲ ಚಿತ್ರ ತೆಗೆಯಲಿಲ್ಲ. 1948ರಲ್ಲಿ ಅವರನ್ನು ಕಿಲಿ ಎಂಬ ಒಂಟಿ ದ್ವೀಪಕ್ಕೆ ಸಾಗಿಸಲಾಯಿತು. ತಾತ್ಕಾಲಿಕವೆಂದ ಆ ಮಾತು ಇಂದಿಗೂ ಮುಗಿದಿಲ್ಲ.

1946ರಿಂದ 1958ರವರೆಗೆ ಅಮೆರಿಕ ಆ ದ್ವೀಪಗಳಲ್ಲಿ 67 ಅಣ್ವಸ್ತ್ರಗಳನ್ನು ಸಿಡಿಸಿತು. 1954ರ ಮಾರ್ಚಿ 1ರಂದು ಬಿಕಿನಿಯಲ್ಲಿ ಸಿಡಿಸಿದ ಬಾಂಬು ಹಿರೋಷಿಮಾದ ಬಾಂಬಿನ ಸುಮಾರು ಸಾವಿರ ಪಟ್ಟು ಬಲದ್ದು. ರೊಂಗೆಲಾಪ್ ದ್ವೀಪದ ಮೇಲೆ ಬೂದಿ ಉದುರಿತು. ಮಕ್ಕಳು ಅದರಲ್ಲಿ ಆಡಿದರು. ಎರಡು ದಿನ ಕಳೆದ ಮೇಲೆ ಅವರನ್ನು ಅಲ್ಲಿಂದ ಎತ್ತಲಾಯಿತು. ಮುಂದಿನ ತಿಂಗಳೇ ಮಾರ್ಷಲಿನ ಜನ ವಿಶ್ವಸಂಸ್ಥೆಗೆ ಒಂದು ಮನವಿ ಬರೆದರು. ಭೂಮಿಯೆಂದರೆ ನಮಗೆ ಬೆಳೆ ಬೆಳೆಯುವ, ಮನೆ ಕಟ್ಟುವ ಜಾಗ ಮಾತ್ರವಲ್ಲ, ಹೆಣ ಹೂಳುವ ಜಾಗ ಮಾತ್ರವಲ್ಲ. ಅದೇ ನಮ್ಮ ಬಾಳು, ಅದನ್ನು ಕಿತ್ತುಕೊಂಡರೆ ನಮ್ಮ ಚೇತನವೂ ಹೋಯಿತು ಎಂಬುದು ಆ ಮನವಿಯ ಸಾರ. ಭಾರತದ ಲೋಕಸಭೆಯಲ್ಲಿ ನೆಹರೂ ಅವರು ಅಣ್ವಸ್ತ್ರ ಪರೀಕ್ಷೆಗಳನ್ನು ಕೂಡಲೆ ತಡೆಹಿಡಿಯಬೇಕೆಂದು ಕರೆಕೊಟ್ಟುದೂ ಅದೇ 1954ರ ಏಪ್ರಿಲ್ 2ರಂದು. ಮೊದಲು ಸಿಡಿದುದು ಬಾಂಬು. ಆದರೆ ಆ ಮನವಿಯ ಭಾಷೆ ಇಂದು ಸಮುದ್ರವನ್ನು ಕುರಿತು ಅದೇ ಜನರು ಆಡುತ್ತಿರುವ ಭಾಷೆ ಎಂಬುದನ್ನು ಗಮನಿಸಬೇಕು.

ಬಿಕಿನಿಯವರ ಬಾವುಟದ ವಿಷಯವನ್ನು ಇಲ್ಲಿ ಹೇಳಿಬಿಡೋಣ. ದೂರದಿಂದ ನೋಡಿದರೆ ಅದು ಅಮೆರಿಕದ ಬಾವುಟವೇ ಎನ್ನಿಸುತ್ತದೆ. ಅವೇ ಕೆಂಪು ಬಿಳಿ ಪಟ್ಟೆಗಳು, ಅದೇ ನೀಲಿ ಮೂಲೆ. ಹತ್ತಿರ ಹೋಗಿ ಎಣಿಸಬೇಕು. 23 ಬಿಳಿ ನಕ್ಷತ್ರಗಳು, ಬಿಕಿನಿಯ 23 ದ್ವೀಪಗಳಿಗೆ. ಮೇಲಿನ ಬಲಮೂಲೆಯಲ್ಲಿ 3 ಕಪ್ಪು ನಕ್ಷತ್ರಗಳು, 1954ರ ಬಾಂಬಿಗೆ ಆವಿಯಾಗಿ ಹೋದ 3 ದ್ವೀಪಗಳಿಗೆ. ಕೆಳಗೆ 2 ಕಪ್ಪು ನಕ್ಷತ್ರಗಳು, ಅವರು ಗಡೀಪಾರಾದವರಂತೆ ಬಾಳುತ್ತಿರುವ ಕಿಲಿ ಮತ್ತು ಎಜಿತ್ ದ್ವೀಪಗಳಿಗೆ. ಜೂಡಾ ಅಂದು ಕೊಟ್ಟ ಉತ್ತರ ಅವರ ಭಾಷೆಯಲ್ಲೇ ಅಡಿಯಲ್ಲಿದೆ. ಅಮೆರಿಕದ ಬಾವುಟವನ್ನು ಅನುಕರಿಸಿದುದು ಭಕ್ತಿಯಿಂದಲ್ಲ; ನಮ್ಮ ಸಾಲ ಇನ್ನೂ ನಿಮ್ಮ ಮೇಲಿದೆಯೆಂದು ಸಾಲಗಾರನಿಗೆ ನೆನಪಿಸುವುದಕ್ಕಾಗಿ. ಪ್ರಪಂಚದಲ್ಲಿ ಎಷ್ಟೋ ಬಾವುಟಗಳಿವೆ, ಹೆಮ್ಮೆಯನ್ನು ಸಾರುತ್ತವೆ. ಬಟ್ಟೆಯ ಮೇಲೆ ಬರೆದ ಸಾಲದ ಪತ್ರ ಇದೊಂದೇ ಇದ್ದೀತು.

ಸಾಲ ಎಷ್ಟು ತೀರಿತು? 1986ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಅಮೆರಿಕ 15 ಕೋಟಿ ಡಾಲರುಗಳ ನಿಧಿಯನ್ನಿಟ್ಟು, ಇನ್ನು ಬಾಕಿಯಿಲ್ಲವೆಂದಿತು. ಅದೇ ಒಪ್ಪಂದದ ಮೇರೆಗೆ ನೇಮಕವಾದ ನ್ಯಾಯಮಂಡಲಿ ಸಾಕ್ಷ್ಯ ಕೇಳಿ ತೀರ್ಮಾನಿಸಿದ ಪರಿಹಾರ 200 ಕೋಟಿ ಡಾಲರಿಗೂ ಮೀರಿತು. ನಿಧಿ ಬರಿದಾಯಿತು, ತೀರ್ಪುಗಳ ಬಹುಪಾಲು ಹಣ ಸಂದಾಯವಾಗಲಿಲ್ಲ.

ಈಗ ಸಮುದ್ರದ ಮಾತು. ಅಂತರ ಸರಕಾರಿ ವಿಜ್ಞಾನಿಗಳ ಮಂಡಲಿಯ ಲೆಕ್ಕದಂತೆ 1901ರಿಂದ 2018ರೊಳಗೆ ಪ್ರಪಂಚದ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರು ಏರಿತು. ಏರಿಕೆಯ ವೇಗವೂ ಹೆಚ್ಚುತ್ತಲಿದೆ. ಒಂದು ಗೇಣು ನೀರಿಗೆ ಇಷ್ಟು ಗದ್ದಲವೆ ಎಂದು ಬೆಟ್ಟದ ಮೇಲಿರುವವರು ಕೇಳಿಯಾರು. ಹವಳದ ದ್ವೀಪದಲ್ಲಿ ಬದುಕು ನಡೆಯುವ ಬಗೆಯನ್ನು ತಿಳಿದರೆ ಉತ್ತರ ಸಿಗುತ್ತದೆ. ಅಲ್ಲಿ ನದಿಯಿಲ್ಲ. ಬಿದ್ದ ಮಳೆ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲಿಕೊಂಡು ನಿಲ್ಲುತ್ತದೆ, ಹಾಲಿನ ಮೇಲಿನ ಕೆನೆಯಂತೆ. ಬಾವಿಗೂ ಬೇರಿಗೂ ಆ ಕೆನೆಯೇ ಆಧಾರ. ದೊಡ್ಡ ಉಬ್ಬರದ ದಿನ ಅಲೆಗಳು ದಡ ಹಾರಿ ಬಂದರೆ ಉಪ್ಪು ಒಳಗಿಳಿದು ಕೆನೆ ಒಡೆಯುತ್ತದೆ. ನಾವು ದಿವಿಹಲಸು ಎಂದೂ ಜೀಗುಜ್ಜೆ ಎಂದೂ ಕರೆಯುವ ಮರವೇ ಅವರ ಅನ್ನದ ಮರ. ಬೇರಿಗೆ ಉಪ್ಪು ತಾಗಿದರೆ ಅದು ಉಳಿಯಲಾರದು. ನೆಲ ಮುಳುಗುವುದಕ್ಕೆ ಎಷ್ಟೋ ಮುಂಚೆಯೇ ನೆಲದ ಮೇಲೆ ಬಾಳುವುದು ಅಸಾಧ್ಯವಾಗುತ್ತದೆ.

ಇದನ್ನು ಸ್ಪಷ್ಟವಾಗಿ ಹೇಳಬೇಕಾದ ಕಾರಣವುಂಟು. ನೆರೆಯ ತುವಾಲು ದ್ವೀಪಗಳ ಹಳೆಯ ಹೊಸ ಚಿತ್ರಗಳನ್ನು ಹೋಲಿಸಿದ ವಿಜ್ಞಾನಿಗಳು, 1971ರಿಂದ 2014ರೊಳಗೆ ಅಲ್ಲಿನ ಒಟ್ಟು ನೆಲ ಶೇಕಡ 3ರಷ್ಟು ಹೆಚ್ಚಿದೆಯೆಂದು 2018ರಲ್ಲಿ ಪ್ರಕಟಿಸಿದರು. ಅಲೆಗಳೇ ಮರಳನ್ನು ತಂದು ದಡಕ್ಕೆ ಸುರಿಯುವುದುಂಟು. ಇದನ್ನು ಹಿಡಿದುಕೊಂಡು, ಅಪಾಯವೆಲ್ಲ ಸುಳ್ಳು ಎಂದು ಕಲ್ಲಿದ್ದಲಿನ ವಕೀಲರು ಕೂಗಿದರು. ಅದೇ 2018ರಲ್ಲಿ ಮಾರ್ಷಲಿನ ರೋಯಿ-ನಮೂರ್ ದ್ವೀಪದಲ್ಲಿ, ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದಲೇ ನಡೆದ ಇನ್ನೊಂದು ಅಧ್ಯಯನ ಬಂದಿತು. ಅಲೆಗಳ ಪ್ರವಾಹವೂ ಕುಡಿಯುವ ನೀರಿನ ನಾಶವೂ ಕೂಡಿ ಇಂತಹ ಬಹುಪಾಲು ದ್ವೀಪಗಳು ಈ ಶತಮಾನದ ನಡುವೆಯೇ ವಾಸಕ್ಕೆ ಒದಗದೆ ಹೋಗಬಹುದೆಂದು ಅದು ಎಚ್ಚರಿಸಿತು. 2024ರ ಜನವರಿಯಲ್ಲಿ ಆ ರೋಯಿ-ನಮೂರಿನ ಸೈನಿಕ ನೆಲೆಗೇ ಅಲೆ ನುಗ್ಗಿ ಊಟದ ಕೋಣೆಯ ಬಾಗಿಲು ಮುರಿಯಿತು. ಸೈನಿಕರಿಗೆ ವಿಮಾನವಿದ್ದಿತು. ದ್ವೀಪದವರಿಗೆ 2013ರಲ್ಲಿ ಉತ್ತರದ ದ್ವೀಪಗಳ ಬರಗಾಲ. 2014ರ ಮಾರ್ಚಿಯಲ್ಲಿ ರಾಜಧಾನಿ ಮಜೂರೋದಲ್ಲಿ ಉಬ್ಬರಕ್ಕೆ ಸುಮಾರು ಸಾವಿರ ಜನ ಮನೆ ಬಿಟ್ಟೋಡಿದುದು. 2015ರಲ್ಲಿ ಕಿಲಿಗೇ ನೀರು ನುಗ್ಗಿ, ಒಮ್ಮೆ ಊರು ಕಳೆದುಕೊಂಡ ಬಿಕಿನಿಯವರು ಮತ್ತೊಮ್ಮೆ ನೆಲೆ ಹುಡುಕಬೇಕಾದುದು. ಮಜೂರೋದ ದಡದಲ್ಲಿ ಸ್ಮಶಾನಗಳನ್ನೇ ಅಲೆ ಕೊರೆದಿದೆ.

ವಿಜ್ಞಾನಿಯ ಉಪಕರಣ ಮಿಲಿಮೀಟರನ್ನು ಅಳೆಯುತ್ತದೆ. ಅದು ಅತ್ಯಗತ್ಯ, ಅದಿಲ್ಲದೆ ಯಾವ ವಾದವೂ ನಿಲ್ಲದು. ಆದರೆ ಅಜ್ಜಿಯ ಗೋರಿ ಸಮುದ್ರಕ್ಕೆ ಜಾರಿದ ದಿನ ಯಾವ ಅಂಕಣದಲ್ಲಿ ನಮೂದಾಗಬೇಕು? ಅಲ್ಲಿ ಭೂಮಿಯ ಹಕ್ಕು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆ ಭೂಮಿಯೇ ಹೋದರೆ ಮಗಳಿಗೆ ಬರುವ ಹೆಸರೇನು, ಕುಲವೇನು? ಇದನ್ನು ಬರೆಯಲು ಬೇರೆಯೇ ಲೇಖನಿ ಬೇಕಾಯಿತು.

ಆ ಲೇಖನಿಯನ್ನು ಹಿಡಿದವರಲ್ಲಿ ಕ್ಯಾಥಿ ಜೆಟ್ನಿಲ್-ಕಿಜಿನರ್ ಎಂಬ ತರುಣ ಕವಯಿತ್ರಿ ಮುಖ್ಯರು. ಮಾರ್ಷಲಿನಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದು, ಹಿಂದಿರುಗಿ ಬಂದು ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿದವರು. ಇವರ ತಾಯಿ ಹಿಲ್ಡಾ ಹೈನೆ 2016ರಲ್ಲಿ ಆ ದೇಶದ ಪ್ರಥಮ ಮಹಿಳಾ ಅಧ್ಯಕ್ಷರಾದರು. 2014ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆ ಕರೆದ ಹವಾಮಾನ ಸಭೆಯಲ್ಲಿ ರಾಷ್ಟ್ರನಾಯಕರ ಮುಂದೆ ನಿಂತು, ತಮ್ಮ ಹಸುಳೆ ಮಗಳನ್ನು ಉದ್ದೇಶಿಸಿ ಬರೆದ ಕವಿತೆಯನ್ನು ಓದಿದರು. ಕವಿತೆಯಲ್ಲಿ ಅಂಕಿಸಂಖ್ಯೆ ಇರಲಿಲ್ಲ. ತಾಯಿಯೊಬ್ಬಳು ಮಗುವಿಗೆ ಕೊಡುವ ಭಾಷೆ ಇದ್ದಿತು. ಓದು ಮುಗಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ಮಾತಿಗೆ ಆಮೇಲೆ ಬರೋಣ.

2017ರಲ್ಲಿ ಬಂದ ಅವರ ಕವನ ಸಂಕಲನದ ಹೆಸರು ಮಾರ್ಷಲ್ ಭಾಷೆಯಲ್ಲಿ ಒಂದು ಬುಟ್ಟಿಯನ್ನು ಸೂಚಿಸುತ್ತದೆ. ಬಾಯಿ ನಮ್ಮ ಕಡೆಗೆ ತೆರೆದಿರುವ ಬುಟ್ಟಿ. ಹೆಣ್ಣುಮಗು ಹುಟ್ಟಿದರೆ ಅಂತಹ ಬುಟ್ಟಿ ಮನೆಗೆ ಬಂದಂತೆ ಎಂಬುದು ಅವರ ನಾಣ್ಣುಡಿ. ಹೆಣೆಯುವುದು ಆ ಸಮಾಜದಲ್ಲಿ ಹೆಂಗಸರ ದೊಡ್ಡ ವಿದ್ಯೆ. ಕೇದಗೆಯ ಜಾತಿಯ ಗಿಡದ ಎಲೆ ಸೀಳಿ ಅವರು ಹೆಣೆಯುವ ನಯವಾದ ಚಾಪೆಗಳು ಒಂದು ಕಾಲದಲ್ಲಿ ಉಡುವ ವಸ್ತ್ರವಾಗಿದ್ದವು. ಅಂಚಿನ ಚಿತ್ತಾರಗಳಿಗೆ ಒಂದೊಂದಕ್ಕೂ ಅರ್ಥವಿದ್ದಿತು. ಮರೆತುಹೋಗುತ್ತಿದ್ದ ಆ ವಿದ್ಯೆಯನ್ನು 2006ರಿಂದ ಮಜೂರೋದಲ್ಲಿ ಹಿರಿಯ ಹೆಂಗಸರು ಕಿರಿಯರಿಗೆ ಮತ್ತೆ ಕಲಿಸತೊಡಗಿದರು. ಗಿಡ ಬೆಳೆಯಲು ನೆಲ ಬೇಕು, ನೆಲಕ್ಕೆ ಸಿಹಿನೀರು ಬೇಕು. ಆದುದರಿಂದ ಅಲ್ಲಿ ಹೆಣೆಯಲ್ಪಡುವ ಒಂದೊಂದು ಚಾಪೆಯೂ, ಈ ವರ್ಷವೂ ಇಲ್ಲಿ ನೆಲವಿದ್ದಿತು, ನಾವಿದ್ದೆವು ಎಂಬುದಕ್ಕೆ ಸಾಕ್ಷಿ. ಜೆಟ್ನಿಲ್-ಕಿಜಿನರ್ ಅವರೂ ಸಂಗಾತಿಗಳೂ ಕೂಡಿ ಕಟ್ಟಿದ ಜೋ-ಜಿಕುಮ್ ಎಂಬ ತರುಣರ ಸಂಘ ಹವಾಮಾನವನ್ನು ಕುರಿತು ಕಲಾ ಶಿಬಿರಗಳನ್ನು ನಡೆಸಿದೆ. ಒಬ್ಬ ಕವಿ ಇಡೀ ಜನರ ಪರವಾಗಿ ಅಳುವುದಲ್ಲ, ಜನರ ಮಕ್ಕಳೆಲ್ಲರೂ ಬರೆಯಲು ಕಲಿಯುವುದು ಅದರ ಗುರಿ.

2018ರಲ್ಲಿ ಅವರು ಎರಡು ಚಿತ್ರಗಳನ್ನು ಮಾಡಿದರು. ಒಂದರಲ್ಲಿ ಅವರೂ ಗ್ರೀನ್‌ಲೆಂಡಿನ ಕವಯಿತ್ರಿ ಅಕಾ ನಿವಿಯಾನಾ ಅವರೂ ಕರಗುತ್ತಿರುವ ಹಿಮದ ಮೇಲೆ ನಿಂತು ಕವಿತೆ ಹೇಳುತ್ತಾರೆ. ಒಬ್ಬರು ತಮ್ಮ ತೀರದ ಚಿಪ್ಪುಗಳನ್ನು ತಂದಿದ್ದಾರೆ, ಇನ್ನೊಬ್ಬರು ತಮ್ಮ ತೀರದ ಕಲ್ಲುಗಳನ್ನು. ಗ್ರೀನ್‌ಲೆಂಡಿನ ಹಿಮವೆಲ್ಲ ಕರಗಿದರೆ ಪ್ರಪಂಚದ ಸಮುದ್ರ 7 ಮೀಟರಿಗೂ ಹೆಚ್ಚು ಏರುವುದು. ಹಿಮದ ನಾಡಿನವಳ ನಷ್ಟವೇ ಹವಳದ ನಾಡಿನವಳ ಪ್ರವಾಹ. ಬಂಡವಾಳ ಇಬ್ಬರನ್ನೂ ಒಂದೇ ಬೆಂಕಿಯಿಂದ ಸುಟ್ಟಿತು. ಅದು ತಿಳಿದ ಮೇಲೆ ಇಬ್ಬರೂ ಅಕ್ಕತಂಗಿಯರಾದರು.

ಇನ್ನೊಂದು ಚಿತ್ರದಲ್ಲಿ ಅವರು ಎನೆವೆಟಾಕ್ ಎಂಬ ಹವಳದ ಉಂಗುರದ ರುನಿತ್ ದ್ವೀಪಕ್ಕೆ ಹೋಗುತ್ತಾರೆ. ಅಣ್ವಸ್ತ್ರ ಸಿಡಿದ ಒಂದು ಹಳ್ಳದೊಳಕ್ಕೆ 1977ರಿಂದ 1980ರವರೆಗೆ ಅಮೆರಿಕದ ಸೈನಿಕರು ವಿಕಿರಣದಿಂದ ಕೆಟ್ಟ ಮಣ್ಣನ್ನೂ ಕಸವನ್ನೂ ತುಂಬಿ, ಮೇಲೆ ಸುಮಾರು 45 ಸೆಂಟಿಮೀಟರು ದಪ್ಪದ ಕಾಂಕ್ರೀಟಿನ ಗುಮ್ಮಟ ಮುಚ್ಚಿದರು. ತಳಕ್ಕೆ ಏನನ್ನೂ ಹಾಸಲಿಲ್ಲ. ಗುಮ್ಮಟ ಈಗಲೇ ಕುಸಿಯುವ ಭಯವಿಲ್ಲವೆಂದು 2020ರಲ್ಲಿ ಅಮೆರಿಕದ ಇಲಾಖೆ ವರದಿ ಕೊಟ್ಟಿತು. ಸಮುದ್ರವಾದರೋ ವರದಿ ಓದುವುದಿಲ್ಲ. ಬಾಂಬಿನ ಅನ್ಯಾಯವೂ ಸಮುದ್ರದ ಅನ್ಯಾಯವೂ ಸಂಧಿಸುವ ಆ ಗುಮ್ಮಟದ ಮೇಲೆ ಕವಯಿತ್ರಿ ನಿಂತುದು ಸತ್ತ ದ್ವೀಪಕ್ಕೆ ಕೊನೆಯ ಮರ್ಯಾದೆ ಸಲ್ಲಿಸುವುದಕ್ಕೆ. ಇದನ್ನು ಮಾಡಿದವರು ಯಾರೆಂದು ಕೇಳುವುದಕ್ಕೆ.

ಇನ್ನು ಚಪ್ಪಾಳೆಯ ಮಾತು. 2014ರಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ ಸರಕಾರಗಳೇ 2015ರಲ್ಲಿ ಪ್ಯಾರಿಸಿನಲ್ಲಿ ಕೂಡಿದವು. ಮಾರ್ಷಲಿನ ಮಂತ್ರಿ ಟೋನಿ ಡಿಬ್ರಮ್ ಬಡ ಶ್ರೀಮಂತ ದೇಶಗಳನ್ನು ಕೂಡಿಸಿ ಹೋರಾಡಿದರು. ಒಂಬತ್ತು ವರ್ಷದ ಹುಡುಗನಾಗಿದ್ದಾಗ 1954ರ ಬಾಂಬಿನ ಬೆಳಕನ್ನು ಕಣ್ಣಾರೆ ಕಂಡವರು ಅವರು. ಭೂಮಿಯ ತಾಪ 1.5 ಡಿಗ್ರಿಗಿಂತ ಹೆಚ್ಚು ಏರದಂತೆ ಯತ್ನಿಸಬೇಕೆಂಬ ಮಾತು ಒಪ್ಪಂದದಲ್ಲಿ ಸೇರಿತು. ಅದು ದೊಡ್ಡ ಗೆಲುವೇ. ಆದರೆ ಅದೇ ಸಭೆಯ ನಿರ್ಣಯದಲ್ಲಿ ಇನ್ನೊಂದು ಮಾತನ್ನೂ ಸೇರಿಸಲಾಯಿತು. ನಷ್ಟವನ್ನು ಕುರಿತ ವಿಧಿಯ ಆಧಾರದ ಮೇಲೆ ಯಾರೂ ಹೊಣೆಗಾರಿಕೆಯನ್ನಾಗಲಿ ಪರಿಹಾರವನ್ನಾಗಲಿ ಕೇಳುವಂತಿಲ್ಲ. ಕವಿತೆಗೆ ಕಣ್ಣೀರು, ಕವಿಯ ಬಾಕಿಗೆ ಬಾಗಿಲು! ನಷ್ಟಕ್ಕಾಗಿ ನಿಧಿಯೊಂದನ್ನು ಸ್ಥಾಪಿಸಲು 2022ರವರೆಗೆ ಕಾಯಬೇಕಾಯಿತು. 2023ರಲ್ಲಿ ಅದಕ್ಕೆ ಬಂದ ವಾಗ್ದಾನ ಪ್ರಪಂಚಕ್ಕೆಲ್ಲ ಸೇರಿ ಸುಮಾರು 70 ಕೋಟಿ ಡಾಲರು. ಇದುವರೆಗೆ ಪ್ರಪಂಚ ಉರಿಸಿದ ಇಂಧನದ ಹೊಗೆಯಲ್ಲಿ ಸುಮಾರು ಕಾಲು ಪಾಲು ಉಗುಳಿದ ಅಮೆರಿಕದ ಅಧ್ಯಕ್ಷರು 2025ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದದಿಂದ ಎರಡನೆಯ ಸಲ ಹೊರಬರಲು ಆಜ್ಞೆ ಮಾಡಿದರು.

ಆದುದರಿಂದ ಮಿತ್ರರೇ, ಕಲೆಯನ್ನು ಹೊಗಳುವಾಗ ಎಚ್ಚರವಿರಬೇಕು. ಮುಳುಗುವ ದ್ವೀಪವೆಂದು ಹೆಸರಿಟ್ಟು, ಉಬ್ಬರದ ದಿನ ನೋಡಿಕೊಂಡು ಬಂದು, ಮೊಳಕಾಲು ನೀರಿನಲ್ಲಿ ನಿಂತ ಮಗುವಿನ ಚಿತ್ರ ತೆಗೆದು, ಸಂಜೆಯ ವಿಮಾನಕ್ಕೆ ಹೊರಟುಹೋಗುವ ಕ್ಯಾಮೆರಾಗಳು ಬೇಕಾದಷ್ಟಿವೆ. ಅವರಲ್ಲಿ ಒಳ್ಳೆಯ ಮನಸ್ಸಿನವರೂ ಇದ್ದಾರು. ಆದರೂ ಆ ಚಿತ್ರದಲ್ಲಿ ದ್ವೀಪದವರು ದಯೆಗೆ ಪಾತ್ರರು ಮಾತ್ರ. ಸಾಲ ಕೊಟ್ಟವರಲ್ಲ, ಹಕ್ಕು ಕೇಳುವವರಲ್ಲ. 1946ರ ನೌಕಾಪಡೆಯ ಚಿತ್ರದಲ್ಲಿ ಅವರು ಒಪ್ಪಿಗೆ ಕೊಡುವ ಪಾತ್ರ ಮಾಡಬೇಕಾಯಿತು. ಈ ಚಿತ್ರದಲ್ಲಿ ಮುಳುಗುವ ಪಾತ್ರ. ದಯೆ ತೋರಿಸಿದವನು ಯಾವಾಗ ಬೇಕಾದರೂ ಮುಖ ತಿರುಗಿಸಬಹುದು. ಸಾಲಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಕಲೆ ದಯೆಯನ್ನು ಬೇಡುತ್ತದೆಯೋ ಬಾಕಿಯನ್ನು ಕೇಳುತ್ತದೆಯೋ ಎಂಬುದೇ ಒರೆಗಲ್ಲು.

ಊರು ಬಿಟ್ಟವರನ್ನೂ ಮರೆಯಬಾರದು. ಅಮೆರಿಕದಲ್ಲಿ ವೀಸಾ ಇಲ್ಲದೆ ದುಡಿಯಲು ಒಪ್ಪಂದ ಅವಕಾಶ ಕೊಟ್ಟುದರಿಂದ ಸಾವಿರಾರು ಮಾರ್ಷಲ್ ಜನರು ಅರ್ಕಾನ್ಸಾಸ್ ರಾಜ್ಯದ ಸ್ಪ್ರಿಂಗ್‌ಡೇಲ್ ಊರಿಗೆ ಹೋಗಿ ಸೇರಿದರು. ಸಮುದ್ರವನ್ನು ಮೈಯಿಂದ ಓದುತ್ತಿದ್ದವರ ಮಕ್ಕಳು ಸಮುದ್ರವೇ ಕಾಣದ ಊರಿನಲ್ಲಿ ಕೋಳಿ ಕೊಯ್ದು ಹಸನು ಮಾಡುವ ಕಾರ್ಖಾನೆಗಳಲ್ಲಿ ಕೂಲಿಗಳಾದರು. ಬಡವರಿಗಾಗಿ ಸರಕಾರ ಕೊಡುವ ವೈದ್ಯಕೀಯ ಸಹಾಯವನ್ನು 1996ರ ಕಾನೂನು ಅವರಿಂದ ಕಿತ್ತುಕೊಂಡಿತು. ಹಿಂದಿರುಗಿಸಿದುದು 2020ರ ಡಿಸೆಂಬರಿನಲ್ಲಿ. ಅಣ್ವಸ್ತ್ರದ ರೋಗಗಳನ್ನು ಹೊತ್ತ ಜನಕ್ಕೆ ಇಪ್ಪತ್ತನಾಲ್ಕು ವರ್ಷ ಔಷಧಿಯ ಬಾಗಿಲು ಮುಚ್ಚಿದ್ದಿತು.

ಅವರ ಸರಕಾರವೂ ದೋಷವಿಲ್ಲದ್ದೆಂದು ನಾವು ಹೇಳುವುದಿಲ್ಲ. ಪ್ರಪಂಚದ ಅತಿ ದೊಡ್ಡ ಹಡಗು ದಾಖಲೆಗಳಲ್ಲಿ ಮಾರ್ಷಲಿನದೂ ಒಂದು. ಎಣ್ಣೆ ಸಾಗಿಸುವ ಎಷ್ಟೋ ಹಡಗುಗಳು ಅದರ ಬಾವುಟ ಹಾರಿಸುತ್ತವೆ. ಬಡ ದೇಶಕ್ಕೆ ಬದುಕುವ ದಾರಿಗಳನ್ನೂ ಬಂಡವಾಳವೇ ಗೊತ್ತುಮಾಡಿಕೊಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. 1954ರಲ್ಲಿ ಆ ಜನರ ಪರವಾದ ಮಾತು ದಿಲ್ಲಿಯಿಂದ ಹೊರಟಿತು. ಅರವತ್ತು ವರ್ಷಗಳ ಮೇಲೆ, 2014ರ ಏಪ್ರಿಲಿನಲ್ಲಿ, ಅಣ್ವಸ್ತ್ರ ತ್ಯಜಿಸುವ ಮಾತುಕತೆ ನಡೆಸಲಿಲ್ಲವೆಂದು ಆ ಪುಟ್ಟ ದೇಶ ಒಂಬತ್ತು ಅಣ್ವಸ್ತ್ರ ರಾಷ್ಟ್ರಗಳ ಮೇಲೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ದಾವೆ ಹೂಡಿತು. ವಿಚಾರಣೆಗೆ ಬಂದ ಮೂರು ದೇಶಗಳು ಬ್ರಿಟನ್, ಪಾಕಿಸ್ತಾನ, ಭಾರತ. ನ್ಯಾಯಾಲಯಕ್ಕೆ ಈ ವಿಷಯದಲ್ಲಿ ಅಧಿಕಾರವಿಲ್ಲವೆಂದು ಭಾರತ ವಾದಿಸಿ, 2016ರ ಅಕ್ಟೋಬರ್ 5ರಂದು 9ಕ್ಕೆ 7 ಮತಗಳಿಂದ ಗೆದ್ದಿತು. ಕಾನೂನಿನಲ್ಲಿ ಗೆದ್ದಿತು ನಿಜ. ಒಂದು ಕಾಲದಲ್ಲಿ ಫಿರ್ಯಾದಿಯ ಪಕ್ಕದಲ್ಲಿ ನಿಂತವರು ಪ್ರತಿವಾದಿಯ ಕಟಕಟೆಗೆ ಹೇಗೆ ಬಂದೆವೆಂಬುದನ್ನು ನಾವು ಕೇಳಿಕೊಳ್ಳಬೇಡವೆ?

ಕಲ್ಲಿದ್ದಲಿನ ವಿಷಯವೂ ಹಾಗೆಯೇ. 2014ರ ಅಕ್ಟೋಬರಿನಲ್ಲಿ ಶಾಂತಸಾಗರದ ದ್ವೀಪಗಳ ತರುಣರು ತಾವೇ ಕೆತ್ತಿದ ದೋಣಿಗಳನ್ನು ಆಸ್ಟ್ರೇಲಿಯದ ನ್ಯೂಕ್ಯಾಸಲ್ ಬಂದರಿಗೆ ಒಯ್ದು, ಕಲ್ಲಿದ್ದಲಿನ ದೈತ್ಯ ಹಡಗುಗಳಿಗೆ ಅಡ್ಡ ನಿಂತರು. ನಾವು ಮುಳುಗುತ್ತಿರುವವರಲ್ಲ, ಹೋರಾಡುತ್ತಿರುವವರು ಎಂದು ಸಾರಿದರು. ದೋಣಿ ಅಲ್ಲಿ ಕಲೆಯೂ ಆಯಿತು, ಸತ್ಯಾಗ್ರಹವೂ ಆಯಿತು. ಅದೇ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ನಮ್ಮ ದೇಶದ ಅದಾನಿ ಕಂಪನಿ ಹೊಸ ಗಣಿ ತೆರೆದು, 2021ರ ಡಿಸೆಂಬರಿನಲ್ಲಿ ಮೊದಲ ಕಲ್ಲಿದ್ದಲನ್ನು ಹೊರಗೆ ಕಳಿಸಿತು. ಭಾರತೀಯನ ತಲೆಗೆ ಬೀಳುವ ಹೊಗೆ ಪ್ರಪಂಚದ ಸರಾಸರಿಯ ಅರ್ಧಕ್ಕೂ ಕಡಿಮೆ ಎಂಬುದು ಸತ್ಯ. ಆದರೆ ಸೌದೆ ಉರಿಸುವ ಕೂಲಿಯವಳ ಸರಾಸರಿಯ ಮರೆಯಲ್ಲಿ ಗಣಿಯ ಒಡೆಯ ಅಡಗಿಕೊಳ್ಳಲು ಬಿಡುವುದು ಸಮಾಜವಾದಿಗಳ ಕೆಲಸವಲ್ಲ.

ದ್ವೀಪದವರ ಲೆಕ್ಕ ವ್ಯರ್ಥವಾಗಿಲ್ಲ. ವನುವಾಟು ದೇಶದಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿಗಳು 2019ರಲ್ಲಿ ಎತ್ತಿದ ಮಾತು, 2023ರ ಮಾರ್ಚಿಯಲ್ಲಿ ವಿಶ್ವಸಂಸ್ಥೆಯ ನಿರ್ಣಯವಾಗಿ, 2024ರ ಡಿಸೆಂಬರಿನಲ್ಲಿ ಹೇಗ್ ನ್ಯಾಯಾಲಯದ ವಿಚಾರಣೆಯಾಯಿತು. ದ್ವೀಪದೇಶಗಳ ಪ್ರತಿನಿಧಿಗಳು ತಮ್ಮ ಜನರು ಕಂಡದ್ದನ್ನೂ ಕಳೆದುಕೊಂಡದ್ದನ್ನೂ ನ್ಯಾಯಾಧೀಶರ ಮುಂದಿಟ್ಟರು. ಹಳೆಯ ಹೊಗೆಯ ಹೊಣೆ ಶ್ರೀಮಂತ ದೇಶಗಳದೆಂದು ಭಾರತ ಸರಿಯಾಗಿಯೇ ವಾದಿಸಿತು. ಆದರೆ ಈಗಿರುವ ಒಪ್ಪಂದಗಳನ್ನು ಮೀರಿದ ಹೊಸ ಕರ್ತವ್ಯಗಳನ್ನು ಹೇರಬಾರದೆಂದೂ ಸೇರಿಸಿತು. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದ ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕರ್ತವ್ಯ, ಅದನ್ನು ಮೀರುವುದು ತಪ್ಪು, ತಪ್ಪಿನಿಂದಾದ ಹಾನಿಗೆ ಪರಿಹಾರದ ಹೊಣೆಯೂ ಬರಬಹುದು. ಇದು ಸಲಹೆಯ ಅಭಿಪ್ರಾಯ ಮಾತ್ರ. ಜಪ್ತಿ ಮಾಡಿ ವಸೂಲು ಮಾಡುವ ಅಮೀನನಿಲ್ಲ. ಆದರೂ ಪ್ಯಾರಿಸಿನಲ್ಲಿ ಬಾಗಿಲ ಹೊರಗೆ ನಿಲ್ಲಿಸಿದ ಪರಿಹಾರವೆಂಬ ಶಬ್ದ ಹೇಗ್‌ನಲ್ಲಿ ಒಳಗೆ ಬಂದು ಕುಳಿತಿತು.

ನಮ್ಮ ಕೆಲಸವೇನು? ಈ ಕವಿತೆಗಳನ್ನೂ ಚಿತ್ರಗಳನ್ನೂ ನೋಡಿದಾಗ ಅಯ್ಯೋ ಪಾಪ ಎನ್ನುವುದನ್ನು ನಿಲ್ಲಿಸಿ, ಬಾಕಿ ಎಷ್ಟು ಎಂದು ಕೇಳುವುದು. ಮತ ಕೇಳಲು ಬಂದವರನ್ನು, 1954ರ ಭಾರತ ಎಲ್ಲಿ ಹೋಯಿತೆಂದು ಕೇಳುವುದು. ಇನ್ನೊಂದು ಕೆಲಸ ನಮ್ಮ ನಮ್ಮ ಊರಿನದು. ಬಾವಿಯ ನೀರು ಯಾವ ತಿಂಗಳಲ್ಲಿ ತಳಕಂಡಿತು, ಮಳೆ ಯಾವ ನಕ್ಷತ್ರಕ್ಕೆ ಬಂದಿತು, ಯಾವುದಕ್ಕೆ ಬಾರದೆ ಹೋಯಿತು, ಯಾರು ಊರು ಬಿಟ್ಟರು ಎಂಬುದನ್ನು ಶಿಬಿರ ಮುಗಿಸಿ ಹೋದ ಪ್ರತಿಯೊಬ್ಬ ಸಂಗಾತಿಯೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಬರೆಯಲಾರದವರು ಹಾಡಲಿ, ಹಸೆಯಲ್ಲಿ ಬಿಡಿಸಲಿ, ಚಾಪೆಯಲ್ಲಿ ಹೆಣೆಯಲಿ. ಬಿಕಿನಿಯವರ ಬಾವುಟದಲ್ಲಿ 3 ಕಪ್ಪು ನಕ್ಷತ್ರಗಳಿವೆ. ಹೋದ ದ್ವೀಪಗಳು ಹಿಂದಿರುಗಿ ಬರಲಾರವು. ಆದರೆ ಅವು ಇರಲೇ ಇಲ್ಲವೆಂದು ಹೇಳುವ ಧೈರ್ಯ, ಆ ಬಾವುಟ ಹಾರುವಷ್ಟು ದಿನ, ಯಾವ ಸಾಮ್ರಾಜ್ಯಕ್ಕೂ ಬಾರದು.